ಯಾರೂ ಇಳಿಯದ ಟೈಕೋ ಕುಳಿಗೆ ವಯಸ್ಸು ಹೇಳಿದ್ದು ಹೇಗೆ?

ಹುಣ್ಣಿಮೆಯ ಚಂದ್ರನ ದಕ್ಷಿಣದ ಅಂಚಿನ ಕಡೆ ಒಂದು ಬಿಳಿಯ ಚುಕ್ಕೆಯಿದೆ. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೂ ಕಾಣುತ್ತದೆ. ಸಾಧಾರಣ ಬೈನಾಕ್ಯುಲರ್ ಹಿಡಿದರೆ ಸಾಕು, ಆ ಚುಕ್ಕೆಯಿಂದ ಬೆಳ್ಳನೆಯ ಗೆರೆಗಳು ಹೊರಟು ಚಂದ್ರನ ಮುಖದ ಉದ್ದಗಲಕ್ಕೂ ಚೆಲ್ಲಿರುವುದು ಗೊತ್ತಾಗುತ್ತದೆ. ದಕ್ಷಿಣ ಯಾವ ಕಡೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂಡಿದಾಗಿನಿಂದ ಮುಳುಗುವವರೆಗೆ ಚಂದ್ರನ ಮುಖ ನಮ್ಮ ಕಣ್ಣಿಗೆ ನಿಧಾನವಾಗಿ ತಿರುಗುತ್ತಲೇ ಇರುತ್ತದೆ, ಹಾಗಾಗಿ ಗೆರೆಗಳೆಲ್ಲ ಎಲ್ಲಿ ಒಂದುಗೂಡುತ್ತವೆಯೋ ಅಲ್ಲಿ ನೋಡಿ. ಅದೇ ಟೈಕೋ.

ಈ ಕುಳಿ ಹುಟ್ಟಿ ಸುಮಾರು 10.8 ಕೋಟಿ ವರ್ಷಗಳಾದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡಿಕೊಂಡಿದ್ದ ಕಾಲ ಅದು. ಅವುಗಳಲ್ಲಿ ಮೊದಲು ಬಂದವು ಕಂಡ ಹುಣ್ಣಿಮೆಯಲ್ಲಿ ಈ ಗೆರೆಗಳು ಇರಲಿಲ್ಲ, ನಂತರದವು ಕಂಡ ಹುಣ್ಣಿಮೆಯಲ್ಲಿ ಇದ್ದವು. ಆದರೆ ಟೈಕೋ ಕುಳಿಯೊಳಗೆ ಯಾವ ಮನುಷ್ಯನೂ ಇಳಿದಿಲ್ಲ, ಅಲ್ಲಿಂದ ಒಂದೇ ಒಂದು ಕಲ್ಲನ್ನೂ ಯಾರೂ ತಂದಿಲ್ಲ. ಹಾಗಿರುವಾಗ ಇಷ್ಟು ಖಚಿತವಾದ ಅಂಕಿ ಎಲ್ಲಿಂದ ಬಂತು? ಚಂದ್ರನ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು ಟೈಕೋದಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಒಂದು ಕಣಿವೆಯಲ್ಲಿ. ಅಲ್ಲಿಗೆ ಹೋಗುವ ಮುನ್ನ ಕುಳಿಯನ್ನೇ ಒಮ್ಮೆ ಸರಿಯಾಗಿ ನೋಡೋಣ.

ಇದಕ್ಕೆ ಹುಣ್ಣಿಮೆ ಒಳ್ಳೆಯ ದಿನವಲ್ಲ. ಅಂದು ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳೇ ಇರುವುದಿಲ್ಲ. ಗೆರೆಗಳು ಹೊಳೆಯುತ್ತವೆ, ಕುಳಿಯ ಏರಿಳಿತ ಮಾತ್ರ ಮಾಯವಾಗಿರುತ್ತದೆ. ಶುಕ್ಲ ಪಕ್ಷದ ನವಮಿ ದಶಮಿಯ ಹೊತ್ತಿಗೆ ಟೈಕೋದಲ್ಲಿ ಬೆಳಗಾಗುತ್ತದೆ. ಆಗ ಚಿಕ್ಕ ದೂರದರ್ಶಕದಲ್ಲಿ ನೋಡಿದರೆ ತಳವೆಲ್ಲ ಕಡುಗಪ್ಪು, ಅಂಚು ಬೆಳಕಿನ ಬಳೆ, ನಟ್ಟನಡುವೆ ಕತ್ತಲಲ್ಲಿ ತೇಲುತ್ತಿರುವಂತೆ ಒಂದು ಬೆಳಕಿನ ಹನಿ. ಆ ಹನಿ ಒಂದು ಬೆಟ್ಟದ ತುದಿ. ಕುಳಿಯ ತಳಕ್ಕೆ ಇನ್ನೂ ಬಿಸಿಲು ತಲುಪಿರುವುದಿಲ್ಲ, ಶಿಖರಕ್ಕೆ ತಲುಪಿರುತ್ತದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿದರೆ ಹನಿ ಹಿಗ್ಗಿರುವುದು ಕಾಣುತ್ತದೆ. ಅಷ್ಟು ದೂರದ ಇನ್ನೊಂದು ಲೋಕದಲ್ಲಿ ಸೂರ್ಯೋದಯವಾಗುವುದನ್ನು ಹೀಗೆ ಕಣ್ಣಾರೆ ಕಾಣಬಹುದೆಂಬ ಸಂಗತಿ ನನಗೆ ಇಂದಿಗೂ ಹಳತಾಗಿಲ್ಲ.

ಟೈಕೋದ ಅಗಲ ಸುಮಾರು 85 ಕಿಲೋಮೀಟರ್, ಆಳ ಸುಮಾರು 4.7 ಕಿಲೋಮೀಟರ್. ಕುಳಿ ಎಂದೊಡನೆ ಮನಸ್ಸಿಗೆ ಬಾವಿಯ ಚಿತ್ರ ಬರುತ್ತದೆ, ಅದನ್ನು ಬಿಡಬೇಕು. ಅಗಲ ಆಳದ ಹದಿನೆಂಟು ಪಟ್ಟು ಇದೆ ಎಂದರೆ ಇದರ ಆಕಾರ ತಟ್ಟೆಯದು. ಅಂಚಿನಿಂದ ತಳಕ್ಕೆ ಇಳಿಯುವ ಗೋಡೆ ಒಂದೇ ಜಾರಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕುಸಿದು ಕೂತಿದೆ. ನಡುವಿನ ಶಿಖರ ತಳದಿಂದ ಸುಮಾರು 2 ಕಿಲೋಮೀಟರ್ ಎತ್ತರ. 2009ರಲ್ಲಿ ಹಾರಿದ ನಾಸಾದ ಲೂನಾರ್ ರಿಕಾನಿಸನ್ಸ್ ಆರ್ಬಿಟರ್ ನೌಕೆ 2011ರಲ್ಲಿ ಈ ಶಿಖರವನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಪಕ್ಕದಿಂದ ಚಿತ್ರಿಸಿತು. ತುತ್ತತುದಿಯಲ್ಲಿ ಸುಮಾರು 120 ಮೀಟರ್ ಅಗಲದ ಒಂದೇ ಬಂಡೆ ಕೂತಿದೆ. ಸುತ್ತಲೂ ಕರಗಿದ ಶಿಲೆ ಹರಿದು ಹೆಪ್ಪುಗಟ್ಟಿದ ಗುರುತುಗಳಿವೆ. ಕರಗಿದ ಕಲ್ಲು ಬೆಟ್ಟದ ತುದಿಗೆ ಹೋದದ್ದು ಹೇಗೆ ಎಂಬುದು ತಿಳಿಯಬೇಕಾದರೆ ಕುಳಿ ಹುಟ್ಟುವ ಬಗೆಯನ್ನು ತಿಳಿಯಬೇಕು.

ಕಲ್ಲೊಂದು ಕೆಸರಿಗೆ ಬಿದ್ದು ಮಾಡುವ ಗುಂಡಿಯಂತೆ ಚಂದ್ರನ ಕುಳಿಗಳೂ ಆಗಿವೆ ಎಂದುಕೊಂಡರೆ ಒಂದು ತೊಡಕಿದೆ. ಓರೆಯಾಗಿ ಬಿದ್ದ ಕಲ್ಲು ಉದ್ದನೆಯ ಗುಂಡಿ ಮಾಡಬೇಕು. ಚಂದ್ರನ ಕುಳಿಗಳೋ ಬಹುಪಾಲು ದುಂಡಗೆ. 1893ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಈ ಕುಳಿಗಳು ಅಪ್ಪಳಿಕೆಯಿಂದಾದವು ಎಂದು ವಾದಿಸಿದಾಗ ಅವರನ್ನು ಕಾಡಿದ್ದು ಇದೇ ತೊಡಕು. ಇವು ಜ್ವಾಲಾಮುಖಿಯ ಬಾಯಿಗಳು ಎಂದು ನಂಬಿದವರು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹೆಚ್ಚಿನ ಸಂಖ್ಯೆಯಲ್ಲೇ ಇದ್ದರು.

ತೊಡಕು ಬಿಡಿಸಿಕೊಳ್ಳುವುದು ವೇಗದಲ್ಲಿ. ಚಂದ್ರನಿಗೆ ಬಂದು ಬಡಿಯುವ ಕ್ಷುದ್ರಗ್ರಹಗಳ ವೇಗ ಸರಾಸರಿ ಸೆಕೆಂಡಿಗೆ 20 ಕಿಲೋಮೀಟರಿನ ಆಸುಪಾಸು. ತಡೆಯಲು ಗಾಳಿಯಿಲ್ಲ. ಟೈಕೋ ಮಾಡಿದ ಕ್ಷುದ್ರಗ್ರಹ ಎಂಟರಿಂದ ಹತ್ತು ಕಿಲೋಮೀಟರ್ ಅಗಲ ಇದ್ದಿರಬೇಕೆಂಬ ಅಂದಾಜಿದೆ. ಅಂಥದ್ದು ಈ ವೇಗದಲ್ಲಿ ನೆಲಕ್ಕೆ ನಾಟಿದರೆ ಅರ್ಧ ಸೆಕೆಂಡಿನಲ್ಲಿ ತನ್ನ ಉದ್ದದಷ್ಟು ದೂರವನ್ನು ದಾಟುತ್ತದೆ. ನೆಲದ ಕಲ್ಲಿಗೆ ಪಕ್ಕಕ್ಕೆ ಸರಿಯಲು ಸಮಯವೇ ಇಲ್ಲ. ಅದು ಹಿಸುಕಿಸಿಕೊಳ್ಳುತ್ತದೆ, ಬಿಸಿಯೇರುತ್ತದೆ, ಕರಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಬಂದ ಕಲ್ಲಿನ ಚಲನೆಯೆಲ್ಲ ಆಘಾತದ ಅಲೆಯಾಗಿ ಎಲ್ಲ ದಿಕ್ಕಿಗೂ ಹರಡುತ್ತದೆ. ಅಂದರೆ ನಡೆಯುವುದು ಅಗೆತವಲ್ಲ, ಸ್ಫೋಟ. ಬಂದ ದಿಕ್ಕು ಯಾವುದೇ ಇರಲಿ, ನೆಲಕ್ಕೆ ತೀರಾ ಸವರಿಕೊಂಡು ಬಂದದ್ದಲ್ಲದಿದ್ದರೆ, ಸ್ಫೋಟದ ಗುಂಡಿ ದುಂಡಗೇ ಇರುತ್ತದೆ.

ಮುಂದಿನದು ಇನ್ನೂ ವಿಚಿತ್ರ. ಇಷ್ಟು ದೊಡ್ಡ ಗುಂಡಿಯಾದಾಗ ಕೆಳಗಿನ ಬಂಡೆ ಕೆಲವು ನಿಮಿಷಗಳ ಮಟ್ಟಿಗೆ ಗಟ್ಟಿ ವಸ್ತುವಿನಂತೆ ನಡೆದುಕೊಳ್ಳುವುದಿಲ್ಲ. ತಗ್ಗಿದ ತಳ ಮತ್ತೆ ಮೇಲಕ್ಕೆ ಪುಟಿಯುತ್ತದೆ. ಹನಿ ಬಿದ್ದ ನೀರಿನ ನಡುವೆ ಒಂದು ಕಂಬ ಎದ್ದು ನಿಲ್ಲುತ್ತದಲ್ಲ, ಹಾಗೆ. ನೀರಿನ ಕಂಬ ಮತ್ತೆ ಬೀಳುತ್ತದೆ, ಬಂಡೆಯದು ಅಷ್ಟರಲ್ಲಿ ಬಿಗಿದುಕೊಂಡು ನಿಂತುಬಿಡುತ್ತದೆ. ಅದೇ ನಡುವಿನ ಶಿಖರ. ಅದೇ ಹೊತ್ತಿಗೆ ಗೋಡೆಗಳು ತಮ್ಮ ಭಾರ ತಾಳದೆ ಒಳಕ್ಕೆ ಕುಸಿದು ಮೆಟ್ಟಿಲಾಗುತ್ತವೆ. ಚಂದ್ರನ ಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರಿಗಿಂತ ಚಿಕ್ಕ ಕುಳಿಗಳಲ್ಲಿ ಈ ಶಿಖರವಿಲ್ಲ, ಅವು ಬರೀ ಬಟ್ಟಲು. ಎರಡು ಕಿಲೋಮೀಟರ್ ಎತ್ತರದ ಒಂದು ಬೆಟ್ಟ ಕೆಲವೇ ನಿಮಿಷಗಳಲ್ಲಿ ಹುಟ್ಟಿತು ಎಂಬುದನ್ನು ನಂಬಲು ನನಗೆ ಬಹಳ ದಿನ ಬೇಕಾಯಿತು. ಬೆಟ್ಟ ಎದ್ದಾಗ ಮೇಲಕ್ಕೆ ಚಿಮ್ಮಿದ್ದ ಕರಗಿದ ಶಿಲೆ ಇನ್ನೂ ಬೀಳುತ್ತಲೇ ಇತ್ತು. ತುದಿಯ ಬಂಡೆಯ ಸುತ್ತ ಕಾಣುವ ಹರಿವಿನ ಗುರುತು ಹಾಗೆ ಬಂದದ್ದು. ಶಿಖರದ ಕಲ್ಲು ಹಲವಾರು ಕಿಲೋಮೀಟರ್ ಆಳದಿಂದ ಎದ್ದು ಬಂದದ್ದರಿಂದ, ಚಂದ್ರನನ್ನು ಕೊರೆಯದೆಯೇ ಅದರ ಒಳಗನ್ನು ನೋಡಲು ಇಂಥ ಶಿಖರಗಳಿಗಿಂತ ಒಳ್ಳೆಯ ಜಾಗ ಇಲ್ಲ.

ಈಗ ಕುಳಿಯ ಆಚೆಗೆ ಕಣ್ಣು ಹಾಯಿಸಿ. ಟೈಕೋದ ಅಕ್ಕಪಕ್ಕ ಅದಕ್ಕಿಂತ ದೊಡ್ಡ ಕುಳಿಗಳಿವೆ: ದಕ್ಷಿಣಕ್ಕೆ 225 ಕಿಲೋಮೀಟರಿಗೂ ಅಗಲದ ಕ್ಲೇವಿಯಸ್, ಆಗ್ನೇಯಕ್ಕೆ ಮ್ಯಾಜಿನಸ್, ನೈಋತ್ಯಕ್ಕೆ ಲಾಂಗೊಮೊಂಟಾನಸ್. ಅಂಚುಗಳು ಸವೆದಿವೆ, ಗೋಡೆಗಳ ಮೇಲೆ ಬೇರೆ ಕುಳಿಗಳು ಕೂತಿವೆ, ತಳದಲ್ಲಿ ಇನ್ನಷ್ಟು ಕುಳಿಗಳು. ಟೈಕೋದ ಅಂಚು ಮಾತ್ರ ನಿನ್ನೆ ಕತ್ತರಿಸಿದಂತೆ ಹರಿತ. ಈ ಹೆಸರುಗಳು 1651ರಲ್ಲಿ ಇಟಲಿಯ ಪಾದ್ರಿ ಜಿಯೊವಾನಿ ರಿಚ್ಚೋಲಿ ಪ್ರಕಟಿಸಿದ ನಕ್ಷೆಯಿಂದ ಬಂದವು. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ದೂರದರ್ಶಕ ಬರುವ ಮೊದಲೇ, 1601ರಲ್ಲಿ ತೀರಿಕೊಂಡವರು. ಬರಿಗಣ್ಣಿನಿಂದ ಆಕಾಶವನ್ನು ಅವರಷ್ಟು ನಿಖರವಾಗಿ ಅಳೆದವರು ಅದಕ್ಕೆ ಮೊದಲು ಇರಲಿಲ್ಲ. ಅವರ ಸಹಾಯಕರಾಗಿದ್ದ ಲಾಂಗೊಮೊಂಟಾನಸ್ ಹೆಸರಿನ ಕುಳಿ ಅವರ ಕುಳಿಗೆ ನೆರೆಯಾಗಿರುವುದು ಹಿತವೆನಿಸುತ್ತದೆ.

ಚಂದ್ರನ ಮೇಲೆ ಕಾಲವನ್ನು ಓದುವ ಮೊದಲ ಪಾಠ ಈ ನೆರೆಹೊರೆಯಲ್ಲೇ ಇದೆ: ಮೇಲೆ ಇರುವುದು ನಂತರದ್ದು. ಟೈಕೋದ ಬಿಳಿ ಗೆರೆಗಳು ಹಳೆಯ ಕುಳಿಗಳ ಮೇಲೂ ಕಪ್ಪು ಬಯಲುಗಳ ಮೇಲೂ ಹಾದುಹೋಗಿವೆ, ಅವುಗಳನ್ನು ಮುಚ್ಚಿರುವುದು ತೀರಾ ಕಡಿಮೆ. ಆದ್ದರಿಂದ ದೊಡ್ಡ ಕುಳಿಗಳಲ್ಲಿ ಇದು ಅತಿ ಕಿರಿಯದರ ಸಾಲಿಗೆ ಸೇರಿದ್ದು ಎಂದು ದೂರದರ್ಶಕದಿಂದಲೇ ಹೇಳಬಹುದಿತ್ತು.

ಗೆರೆಗಳು ಬಿಳಿಯಾಗಿರುವುದೂ ಕಿರಿತನದ ಗುರುತೇ. ಚಂದ್ರನ ನೆಲ ಗಾಳಿ ಮಳೆಯಿಲ್ಲದೆಯೂ ಹಳತಾಗುತ್ತದೆ. ಸೂರ್ಯನಿಂದ ಬೀಸುವ ಕಣಗಳು ಮತ್ತು ಧೂಳಿನಷ್ಟು ಸಣ್ಣ ಉಲ್ಕೆಗಳು ಸತತವಾಗಿ ಬಡಿಯುತ್ತವೆ. ಮಣ್ಣಿನ ಕಣಗಳ ಮೇಲೆ ಅತಿ ಸೂಕ್ಷ್ಮ ಕಬ್ಬಿಣದ ಲೇಪ ಕೂತು ನೆಲ ಕಪ್ಪಾಗುತ್ತದೆ. ಹೊಸದಾಗಿ ಒಡೆದು ಚೆಲ್ಲಿದ ಕಲ್ಲುಪುಡಿ ಬೆಳ್ಳಗೆ, ಹಳೆಯದು ಮಬ್ಬು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಇಂಥ ಗೆರೆಗಳು ಅಳಿಸಿಹೋಗುತ್ತವೆ. ಸುಮಾರು 80 ಕೋಟಿ ವರ್ಷದ ಕೋಪರ್ನಿಕಸ್ ಕುಳಿಯ ಗೆರೆಗಳು ಈಗಾಗಲೇ ಮಂಕಾಗಿವೆ. ಇನ್ನೊಂದು ಸಂಗತಿ, ಟೈಕೋದ ಗೆರೆಗಳು ಎಲ್ಲ ಕಡೆಗೂ ಸಮನಾಗಿ ಹರಡಿಲ್ಲ. ಪಶ್ಚಿಮದಲ್ಲಿ ಒಂದು ಬೋಳು ಜಾಗವಿದೆ. ಕ್ಷುದ್ರಗ್ರಹ ಆ ಕಡೆಯಿಂದ ಓರೆಯಾಗಿ ಬಂತು. ಬಂದ ದಾರಿಯ ಕಡೆಗೆ ಕಲ್ಲು ಚಿಮ್ಮುವುದು ಕಡಿಮೆ. ಕುಳಿ ದುಂಡಗಿದ್ದು ದಿಕ್ಕನ್ನು ಮರೆಮಾಚಿದರೂ ಗೆರೆಗಳು ಬಿಟ್ಟುಕೊಟ್ಟಿವೆ.

ಇಷ್ಟೆಲ್ಲ ಕೂಡಿಸಿದರೂ ಕೈಗೆ ಸಿಗುವುದು ಹಿರಿಯದು ಕಿರಿಯದು ಎಂಬ ಸಾಲು ಮಾತ್ರ. ವರ್ಷಗಳ ಲೆಕ್ಕಕ್ಕೆ ಕಲ್ಲು ಬೇಕು.

1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಇಳಿದದ್ದು ಟಾರಸ್–ಲಿಟ್ರೋ ಎಂಬ ಕಣಿವೆಯಲ್ಲಿ. ಟೈಕೋ ಅಲ್ಲಿಂದ 2,200 ಕಿಲೋಮೀಟರಿನಷ್ಟು ದೂರ. ಕಣಿವೆಯ ದಕ್ಷಿಣಕ್ಕೆ ಎರಡು ಕಿಲೋಮೀಟರಿಗೂ ಎತ್ತರದ ಬೆಟ್ಟವಿದೆ. ಅದರ ಬುಡದಿಂದ ಬಯಲಿಗೆ ಸುಮಾರು ಐದು ಕಿಲೋಮೀಟರ್ ಚಾಚಿಕೊಂಡ ಒಂದು ಬೆಳ್ಳನೆಯ ನಾಲಿಗೆ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಅದು ಬೆಟ್ಟ ಕುಸಿದು ಹರಿದ ಮಣ್ಣುಕಲ್ಲು. ಕಣಿವೆಯ ತಳದಲ್ಲಿ ಒತ್ತೊತ್ತಾಗಿ ಒಂದು ಗುಂಪು ಚಿಕ್ಕ ಕುಳಿಗಳೂ ಇವೆ. ದೊಡ್ಡ ಅಪ್ಪಳಿಕೆಯೊಂದರಿಂದ ಹಾರಿ ಬಂದ ಬಂಡೆಗಳು ಒಟ್ಟಿಗೆ ಬಿದ್ದಾಗ ಆಗುವ ಕುಳಿಗಳ ಚಹರೆ ಅವಕ್ಕಿದೆ. ಟೈಕೋದ ಒಂದು ಗೆರೆಯ ಜಾಡು ಇದೇ ಪ್ರದೇಶಕ್ಕೆ ಬರುತ್ತದೆ. ಟೈಕೋದಿಂದ ಚಿಮ್ಮಿದ ಬಂಡೆಗಳು ಬೆಟ್ಟದ ತಲೆಗೆ ಬಡಿದು ಕುಸಿತವನ್ನು ಹೊರಡಿಸಿದವು ಎಂದು ಭೂವಿಜ್ಞಾನಿಗಳು ತರ್ಕಿಸಿದರು. ಇಷ್ಟು ದೂರ ಬೀಳಬೇಕಾದರೆ ಆ ಬಂಡೆಗಳು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಹೊರಟು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲಿ ಇದ್ದಿರಬೇಕು. ಟೈಕೋದ ಶಿಖರ ಎದ್ದು ನಿಂತು ಬಹಳ ಹೊತ್ತಾದ ಮೇಲೆ ಈ ಕಣಿವೆಗೆ ಏಟು ಬಿತ್ತು.

ಕುಸಿತದ ದಿನ ಗೊತ್ತಾದರೆ ಟೈಕೋದ ದಿನ ಗೊತ್ತಾಯಿತು. ಆದರೆ ಕುಸಿದ ಕಲ್ಲುಗಳು ಹುಟ್ಟಿದ್ದು ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ. ಅವುಗಳ ಜನ್ಮದಿನದಿಂದ ಪ್ರಯೋಜನವಿಲ್ಲ. ಅವು ಬೆಳಕಿಗೆ ಬಂದ ದಿನ ಬೇಕು. ಅದನ್ನು ಬರೆದಿಡುವ ಗಡಿಯಾರವೊಂದು ಕಲ್ಲಿನಲ್ಲೇ ಇದೆ. ಬಾಹ್ಯಾಕಾಶದಿಂದ ವಿಶ್ವಕಿರಣಗಳು ಚಂದ್ರನ ನೆಲಕ್ಕೆ ಸದಾ ಬಡಿಯುತ್ತಿರುತ್ತವೆ. ಅವು ಒಂದೆರಡು ಮೀಟರ್ ಆಳಕ್ಕಿಂತ ಕೆಳಗೆ ಇಳಿಯಲಾರವು. ಮೇಲೆ ಬಿದ್ದಿರುವ ಕಲ್ಲಿನೊಳಗೆ ಹೊಕ್ಕು ಅಲ್ಲಿನ ಪರಮಾಣುಗಳನ್ನು ಒಡೆದು ನಿಯಾನ್, ಕ್ರಿಪ್ಟಾನ್‌ನಂಥ ಅನಿಲಗಳ ವಿಶಿಷ್ಟ ಐಸೋಟೋಪ್‌ಗಳನ್ನು, ಅಂದರೆ ಅದೇ ಧಾತುವಿನ ಬೇರೆ ತೂಕದ ಪರಮಾಣುಗಳನ್ನು, ಮಾಡುತ್ತವೆ. ಆಳದಲ್ಲಿ ಹೂತಿದ್ದ ಕಲ್ಲಿನಲ್ಲಿ ಇವು ಹುಟ್ಟುವುದಿಲ್ಲ. ಕಲ್ಲು ಮೇಲೆ ಬಂದು ಬಿದ್ದ ದಿನದಿಂದ ಎಣಿಕೆ ಶುರು. ಎಷ್ಟು ಕೂಡಿದೆ ಎಂದು ಅಳೆದರೆ ಎಷ್ಟು ಕಾಲ ಮೇಲಿತ್ತು ಎಂದು ತಿಳಿಯುತ್ತದೆ. ಬಿಸಿಲಿಗೆ ಬಂದ ಚರ್ಮ ಕಪ್ಪಾದದ್ದನ್ನು ನೋಡಿ ಎಷ್ಟು ಹೊತ್ತು ಹೊರಗಿದ್ದೆ ಎಂದು ಹೇಳುವ ಹಾಗೆ, ಆದರೆ ಅದಕ್ಕಿಂತ ಎಷ್ಟೋ ನಿಖರವಾಗಿ.

ಅಪೊಲೊ 17 ತಂದ ಕಲ್ಲುಗಳಲ್ಲಿ ಹೀಗೆ ಅಳೆದಾಗ ಕುಸಿತಕ್ಕೂ ಆ ಗುಂಪು ಕುಳಿಗಳಿಗೂ ಸಿಕ್ಕ ವಯಸ್ಸು ಹತ್ತು ಕೋಟಿ ವರ್ಷಗಳ ಹತ್ತಿರ ಬಂದು ನಿಂತಿತು. ಇಂದು ಎಲ್ಲೆಡೆ ಹೇಳುವ 10.8 ಕೋಟಿಯ ಮೂಲ ಇದು.

ಈ ಸರಪಳಿಯ ಒಂದು ಕೊಂಡಿ ಉಳಿದವುಗಳಷ್ಟು ಗಟ್ಟಿಯಿಲ್ಲ ಎಂಬುದನ್ನೂ ಹೇಳಲೇಬೇಕು. ಕಲ್ಲು ಮೇಲೆ ಬಂದ ಕಾಲ ಗಟ್ಟಿ. ಕುಸಿತಕ್ಕೆ ಟೈಕೋ ಕಾರಣ ಎಂಬುದು ತರ್ಕ. ಅದೇ ಕಣಿವೆಯನ್ನು ಲೀ–ಲಿಂಕನ್ ಎಂಬ ಸ್ತರಭಂಗ, ಅಂದರೆ ನೆಲ ಬಿರಿದು ಸರಿದ ಜಾಗ, ಅಡ್ಡಲಾಗಿ ಸೀಳಿದೆ. ಚಂದ್ರಕಂಪನದಿಂದಲೂ ಬೆಟ್ಟ ಜಾರಬಹುದು, ಒಂದಕ್ಕಿಂತ ಹೆಚ್ಚು ಸಲ ಜಾರಿರಬಹುದು ಎನ್ನುವವರಿದ್ದಾರೆ. ಸರ್ನನ್ ಮತ್ತು ಶ್ಮಿಟ್ ಈ ಕುಸಿತದ ಮಣ್ಣಿಗೆ ಕೊಳವೆ ಹೊಡೆದು ತುಂಬಿ, ನಿರ್ವಾತದಲ್ಲೇ ಮುಚ್ಚಿ ತಂದಿದ್ದ ಒಂದು ಮಾದರಿಯನ್ನು ಐವತ್ತು ವರ್ಷ ಮುಟ್ಟದೆ ಇಟ್ಟಿದ್ದರು. ಮುಂದೆ ಉಪಕರಣಗಳು ಚೆನ್ನಾಗುತ್ತವೆ ಎಂಬ ನಂಬಿಕೆಯಿಂದ. 2022ರ ಮಾರ್ಚಿನಲ್ಲಿ ಅದನ್ನು ತೆರೆದರು. ತಾವು ಇರುವುದಿಲ್ಲದ ಕಾಲಕ್ಕೆಂದು ಒಂದು ಕೊಳವೆ ಮಣ್ಣನ್ನು ಎತ್ತಿಟ್ಟ ಆ ಜನರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಟೈಕೋದ ಒಂದು ಅಂಕಿಗೆ ಇಷ್ಟು ಪಾಡು ಏಕೆ ಎಂದರೆ, ಅದರ ಮೇಲೆ ನಿಂತಿರುವ ಲೆಕ್ಕಗಳು ಬಹಳ. ಚಂದ್ರನ ಯಾವುದೇ ಜಾಗದ ವಯಸ್ಸು ಹೇಳಲು ಅಲ್ಲಿರುವ ಕುಳಿಗಳನ್ನು ಎಣಿಸುತ್ತಾರೆ. ಹೆಚ್ಚು ಕಾಲ ಬಯಲಲ್ಲಿದ್ದ ನೆಲಕ್ಕೆ ಹೆಚ್ಚು ಏಟು. ಆದರೆ ಎಷ್ಟು ಏಟಿಗೆ ಎಷ್ಟು ವರ್ಷ ಎಂಬ ದರ ಗೊತ್ತಾಗಬೇಕಾದರೆ ಕಲ್ಲಿನಿಂದ ಕಾಲ ತಿಳಿದ ಕೆಲವು ಜಾಗಗಳು ಬೇಕು. ಅಪೊಲೊ ತಂದ ಲಾವಾ ಶಿಲೆಗಳೆಲ್ಲ 300 ಕೋಟಿ ವರ್ಷಕ್ಕೂ ಹಳೆಯವು. ಚೀನಾದ ಚಾಂಗ್’ಇ–5 ನೌಕೆ 2020ರಲ್ಲಿ ತಂದವು ಸುಮಾರು 200 ಕೋಟಿ ವರ್ಷದವು. ಅಲ್ಲಿಂದ ಇಂದಿನವರೆಗಿನ ಖಾಲಿ ಜಾಗದಲ್ಲಿ ಹಿಡಿದು ನಿಲ್ಲಲು ಇರುವ ಕೆಲವೇ ಗೂಟಗಳಲ್ಲಿ ಕೋಪರ್ನಿಕಸ್ ಒಂದು, ಟೈಕೋ ಇನ್ನೊಂದು. ಮಂಗಳ, ಬುಧಗಳ ನೆಲದ ವಯಸ್ಸಿನ ಲೆಕ್ಕವೂ ಚಂದ್ರನ ಈ ದರದಿಂದಲೇ ಹುಟ್ಟಿದ್ದು. ಟೈಕೋದ ಗೂಟ ಅಲುಗಿದರೆ ಅಲ್ಲಿಯೂ ಅಲುಗುತ್ತದೆ.

ಗೂಟವೇ ಎಣಿಸುವವರನ್ನು ಬೆಚ್ಚಿಬೀಳಿಸಿದ್ದೂ ಉಂಟು. ಕುಳಿಯ ಸುತ್ತ ಚೆಲ್ಲಿದ ಕಲ್ಲುಮಣ್ಣಿನ ಹೊದಿಕೆ ಮತ್ತು ಕರಗಿ ಹೆಪ್ಪುಗಟ್ಟಿದ ಶಿಲೆಯ ಮಡುಗಳು ಹುಟ್ಟಿದ್ದು ಒಂದೇ ದಿನ. ಎಣಿಸಿ ನೋಡಿದರೆ ಹೊದಿಕೆಯ ಮೇಲೆ ಕುಳಿಗಳು ಹೆಚ್ಚು, ಮಡುಗಳ ಮೇಲೆ ಕಡಿಮೆ. ಮಡುಗಳೇ ಕಿರಿಯವು ಎಂಬಂತೆ ಕಾಣುತ್ತದೆ. ಕಾರಣಗಳನ್ನು ಹುಡುಕಿದ್ದಾರೆ. ಗಟ್ಟಿ ಶಿಲೆಗೆ ಬಿದ್ದ ಉಲ್ಕೆ ಸಡಿಲ ಮಣ್ಣಿಗೆ ಬಿದ್ದದ್ದಕ್ಕಿಂತ ಚಿಕ್ಕ ಕುಳಿ ಮಾಡುತ್ತದೆ. ಜೊತೆಗೆ, ಟೈಕೋದಿಂದ ಬಹುತೇಕ ನೆಟ್ಟಗೆ ಮೇಲಕ್ಕೆ ಹಾರಿದ ತುಂಡುಗಳು ತಡವಾಗಿ ತನ್ನದೇ ಹೊದಿಕೆಯ ಮೇಲೆ ಬಿದ್ದು, ಎಣಿಕೆಯಲ್ಲಿ ಇರಬಾರದ ಕುಳಿಗಳನ್ನು ಮಾಡಿವೆ. ಆಗ ಮಡುಗಳು ಇನ್ನೂ ಕರಗಿದ ಸ್ಥಿತಿಯಲ್ಲಿದ್ದುದರಿಂದ ಅಲ್ಲಿ ಬಿದ್ದದ್ದರ ಗುರುತು ಉಳಿಯಲಿಲ್ಲ.

ಕಿರಿತನಕ್ಕೆ ಇನ್ನೊಂದು ಸಾಕ್ಷಿ ಚಂದ್ರಗ್ರಹಣದ ರಾತ್ರಿ ಸಿಗುತ್ತದೆ. ಭೂಮಿಯ ನೆರಳು ಬಿದ್ದೊಡನೆ ಚಂದ್ರನ ಧೂಳು ಬೇಗ ತಣ್ಣಗಾಗುತ್ತದೆ. 1960ರ ಗ್ರಹಣದಲ್ಲಿ ಶಾಖವನ್ನು ಅಳೆದವರಿಗೆ ಟೈಕೋ ಸುತ್ತಲಿನ ನೆಲಕ್ಕಿಂತ ಹತ್ತಾರು ಡಿಗ್ರಿ ಬೆಚ್ಚಗೆ ಕಂಡಿತು. ಒಳಗೆ ಬೆಂಕಿಯೇನೂ ಇಲ್ಲ. ಬಂಡೆಗಳು ಶಾಖವನ್ನು ಹಿಡಿದಿಡುತ್ತವೆ, ಅಷ್ಟೆ. ಹಳೆಯ ಕುಳಿಗಳಲ್ಲಿ ಬಂಡೆಗಳೆಲ್ಲ ಪುಡಿಯಾಗಿವೆ, ಟೈಕೋದಲ್ಲಿ ಆಗುವಷ್ಟು ಕಾಲ ಸಂದಿಲ್ಲ.

ವಯಸ್ಸು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ. 2007ರಲ್ಲಿ ಅಮೆರಿಕದ ಗ್ರಹವಿಜ್ಞಾನಿ ವಿಲಿಯಂ ಬಾಟ್ಕೆ ಮತ್ತು ಸಂಗಡಿಗರು ಒಂದು ಆಕರ್ಷಕ ವಾದ ಮುಂದಿಟ್ಟರು. ಸುಮಾರು 16 ಕೋಟಿ ವರ್ಷಗಳ ಹಿಂದೆ ದೊಡ್ಡ ಕ್ಷುದ್ರಗ್ರಹವೊಂದು ಒಡೆದು, ಬ್ಯಾಪ್ಟಿಸ್ಟಿನಾ ಕುಟುಂಬ ಎಂದು ಕರೆಯುವ ಚೂರುಗಳ ಗುಂಪಾಯಿತು. ಅದರ ಒಂದು ಚೂರು ಟೈಕೋ ಮಾಡಿತು, ಇನ್ನೊಂದು 6.6 ಕೋಟಿ ವರ್ಷಗಳ ಹಿಂದೆ ಭೂಮಿಗೆ ಬಿದ್ದು ಡೈನೋಸಾರ್‌ಗಳ ಕಾಲವನ್ನು ಮುಗಿಸಿತು ಎಂಬುದು ಅದು. 2011ರಲ್ಲಿ ನಾಸಾದ ವೈಸ್ ದೂರದರ್ಶಕದ ಅಳತೆಗಳು ಆ ಒಡೆತ ನಡೆದು ಸುಮಾರು 8 ಕೋಟಿ ವರ್ಷಗಳಷ್ಟೇ ಆಗಿವೆ ಎಂದು ತೋರಿಸಿದವು. ಹಾಗಿದ್ದರೆ ಟೈಕೋ ಆ ಒಡೆತಕ್ಕಿಂತ ಹಿರಿಯದು. ಇನ್ನೂ ಹುಟ್ಟದ ಚೂರು ಅದನ್ನು ಮಾಡಿರಲಾರದು. ದೂರದ ಕಣಿವೆಯೊಂದರ ಕಲ್ಲಿನಲ್ಲಿ ಅಳೆದ ಅನಿಲವೇ ಆ ಕತೆಯ ಅರ್ಧವನ್ನು ಕೆಡವಿತು.

ಟೈಕೋದ ಹತ್ತಿರ ನೆಲಕ್ಕಿಳಿದದ್ದು ಒಂದೇ ಯಂತ್ರ. ನಾಸಾದ ಸರ್ವೇಯರ್ 7 ನೌಕೆ 1968ರ ಜನವರಿ 10ರಂದು ಕುಳಿಯ ಉತ್ತರದ ಅಂಚಿನಿಂದ ಮೂವತ್ತು ಕಿಲೋಮೀಟರಿನ ಒಳಗೇ, ಚೆಲ್ಲಿದ ಬಂಡೆಗಳ ನಡುವೆ ಇಳಿಯಿತು. ಅದರಲ್ಲಿ ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನಿಂದ ಹೊಮ್ಮುವ ಆಲ್ಫಾ ಕಣಗಳನ್ನು ಮಣ್ಣಿಗೆ ಹೊಡೆದು ಅದರಲ್ಲೇನಿದೆ ಎಂದು ಹೇಳುವ ಪೆಟ್ಟಿಗೆಯಿತ್ತು. ಪೆಟ್ಟಿಗೆ ನಡುವೆಯೇ ಸಿಕ್ಕಿಕೊಂಡಿತು. ಭೂಮಿಯಲ್ಲಿ ಕೂತವರು ನೌಕೆಯ ಅಗೆಯುವ ಕೈಯನ್ನು ಅದರ ಮೇಲೆ ಇಟ್ಟು, ಒತ್ತಿ ಒತ್ತಿ ನೆಲಕ್ಕೆ ಇಳಿಸಿದರು. ಸಿಕ್ಕ ಉತ್ತರ: ಕಪ್ಪು ಬಯಲುಗಳಿಗಿಂತ ಇಲ್ಲಿ ಅಲ್ಯೂಮಿನಿಯಂ ಹೆಚ್ಚು, ಕಬ್ಬಿಣ ಕಡಿಮೆ. ಚಂದ್ರನ ಬಿಳಿ ಪ್ರದೇಶ ಬೇರೆಯೇ ಶಿಲೆಯಿಂದಾಗಿದೆ ಎಂಬುದಕ್ಕೆ ನೆಲದ ಮೇಲೆ ಸಿಕ್ಕ ಮೊದಲ ಪುರಾವೆ ಅದು. 2023ರಲ್ಲಿ ಚಂದ್ರಯಾನ–3ರ ಪ್ರಜ್ಞಾನ್ ರೋವರ್ ಇನ್ನೂ ದಕ್ಷಿಣಕ್ಕೆ ಮಣ್ಣು ಪರೀಕ್ಷಿಸಿದಾಗಲೂ ಬಳಸಿದ್ದು ಕ್ಯೂರಿಯಂನದೇ ಇನ್ನೊಂದು ಬಗೆ. ಕಂಡದ್ದೂ ಅದೇ ಜಾತಿಯ ಬಿಳಿ ಶಿಲೆಯ ಮಣ್ಣು.

ಸರ್ವೇಯರ್ 7 ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. ಅವುಗಳಲ್ಲಿ ಕಾಣುವ ಬಂಡೆಗಳು ಟೈಕೋದಿಂದಲೇ ಚಿಮ್ಮಿ ಬಿದ್ದವು. ಅಲ್ಲಿ ಅಪ್ಪಳಿಕೆಯಲ್ಲಿ ಪೂರ್ತಿ ಕರಗಿ ಮತ್ತೆ ಗಟ್ಟಿಯಾದ ಒಂದು ಕಲ್ಲು ಸಿಕ್ಕರೂ ಸಾಕು. ಕರಗಿದಾಗ ಅದರೊಳಗಿನ ಹಳೆಯ ಆರ್ಗಾನ್ ಅನಿಲವೆಲ್ಲ ಹೊರಟುಹೋಗಿ, ಗಟ್ಟಿಯಾದ ಘಳಿಗೆಯಿಂದ ಪೊಟ್ಯಾಸಿಯಂ ಹೊಸದಾಗಿ ಆರ್ಗಾನ್ ಆಗಲು ತೊಡಗಿರುತ್ತದೆ. ಆ ಗಡಿಯಾರಕ್ಕೆ ಬೆಟ್ಟ ಕುಸಿದ ತರ್ಕ ಬೇಕಿಲ್ಲ, ದೂರದ ಕಣಿವೆ ಬೇಕಿಲ್ಲ. ಅಗೆಯುವ ಕೈ ಚಾಚಿದ ಭಂಗಿಯಲ್ಲಿ ನೌಕೆ ಇನ್ನೂ ಅಲ್ಲೇ ನಿಂತಿದೆ, ಬಂಡೆಗಳು ಅದರ ಸುತ್ತ ಬಿದ್ದಲ್ಲೇ ಬಿದ್ದಿವೆ.